ಐದು ಗೆಲುವು, ಎರಡು ಸೋಲು, ನೂರು ತಕರಾರು

2014ರ ಮೇ ತಿಂಗಳಲ್ಲಿ ಸ್ಟೀವ್ ಕೆರ್ ಮುಂದೆ ಎರಡು ಕೆಲಸಗಳಿದ್ದವು. ಒಂದು ನ್ಯೂಯಾರ್ಕ್ ನಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಹುದ್ದೆ. ಅಲ್ಲಿಂದ ಕರೆಯುತ್ತಿದ್ದವರು ಅವರ ಗುರು ಫಿಲ್ ಜಾಕ್ಸನ್. ಇನ್ನೊಂದು ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಆಡುತ್ತಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನದು. ಆಟಗಾರನಾಗಿ ಐದು ಸಲ ಎನ್‌ಬಿಎ ಚಾಂಪಿಯನ್ ಆಗಿದ್ದ ಕೆರ್, ಮುಖ್ಯ ಕೋಚ್ ಆಗಿ ಒಂದೇ ಒಂದು ಪಂದ್ಯವನ್ನೂ ನಡೆಸಿರಲಿಲ್ಲ. ಗುರುವಿಗೆ ಇಲ್ಲವೆಂದು ಹೇಳಿ ಓಕ್‌ಲೆಂಡ್ ದಾರಿ ಹಿಡಿದರು. ಜೂನ್‌ನಲ್ಲಿ ಫಿಲ್ ಜಾಕ್ಸನ್ ನಿಕ್ಸ್ ತಂಡವನ್ನು ಡೆರೆಕ್ ಫಿಷರ್‌ಗೆ ಒಪ್ಪಿಸಿದರು. ಫಿಷರ್ ಆಗಷ್ಟೇ ಆಟ ಬಿಟ್ಟವರು, ಅವರ ಕೋಚಿಂಗ್ ಅನುಭವವೂ ಸೊನ್ನೆ. ಇಬ್ಬರೂ ಜಾಕ್ಸನ್ ಗರಡಿಯಲ್ಲಿ ಪಳಗಿದ ಗಾರ್ಡ್‌ಗಳು. ಬಂದವರೇ ಇಬ್ಬರೂ ತಂಡದ ಆಫೆನ್ಸನ್ನು ಬಿಚ್ಚಿ ಹರವಿಕೊಂಡು ಕೂತರು. 82 ಪಂದ್ಯಗಳು ಮುಗಿದಾಗ ಕೆರ್ ಲೆಕ್ಕ 67 ಗೆಲುವು, 15 ಸೋಲು. ಫಿಷರ್ ಲೆಕ್ಕ 17 ಗೆಲುವು, 65 ಸೋಲು.

ಆಮೇಲಿನ ಕಥೆ ಗೊತ್ತಿರುವ ನಮಗೆ ಇಬ್ಬರ ಬಗ್ಗೆಯೂ ತೀರ್ಪು ಕೊಡುವುದು ಸುಲಭ. ಕಷ್ಟವಾಗಿದ್ದು ಆ ವರ್ಷದ ನವೆಂಬರ್‌ನಲ್ಲಿ ಟಿಕೆಟ್ ಕೊಂಡು ಕೂತವರಿಗೆ.

ಓಕ್‌ಲೆಂಡ್ ಅಭಿಮಾನಿಗಳಿಗೆ ಬದಲಾವಣೆಯೇ ಬೇಕಿರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. 1994ರ ನಂತರದ ಹದಿನೆಂಟು ಸೀಸನ್‌ಗಳಲ್ಲಿ ಅವರ ತಂಡ ಪ್ಲೇಆಫ್ ಕಂಡದ್ದು ಒಂದೇ ಸಲ, 2007ರಲ್ಲಿ. ಅಂಥ ತಂಡವನ್ನು ಸತತ ಎರಡು ವರ್ಷ ಪ್ಲೇಆಫ್‌ಗೆ ಒಯ್ದವರು ಕೆರ್‌ಗಿಂತ ಹಿಂದಿನ ಕೋಚ್ ಮಾರ್ಕ್ ಜಾಕ್ಸನ್. ಅವರ ಕಡೆಯ ಸೀಸನ್‌ನಲ್ಲಿ 51 ಗೆಲುವು ಬಂದಿತ್ತು. ಕ್ಲಿಪ್ಪರ್ಸ್ ವಿರುದ್ಧ ಏಳನೇ ಪಂದ್ಯದವರೆಗೆ ಹೋರಾಡಿ ಸೋತ ಕೆಲವೇ ದಿನಗಳಲ್ಲಿ ಅವರನ್ನು ಕೆಲಸದಿಂದ ತೆಗೆದರು. ತಂಡದ ತಾರೆ ಸ್ಟೆಫ್ ಕರಿ ಬಹಿರಂಗವಾಗಿಯೇ ಮಾರ್ಕ್ ಜಾಕ್ಸನ್ ಪರ ನಿಂತಿದ್ದ. ಮಾಲೀಕ ಜೋ ಲೇಕಬ್ ಮೇಲೆ ಅಭಿಮಾನಿಗಳಿಗೆ ಹಳೆಯ ಸಿಟ್ಟೂ ಇತ್ತು. 2012ರಲ್ಲಿ ಜನಪ್ರಿಯ ಆಟಗಾರ ಮಾಂಟಾ ಎಲ್ಲಿಸ್‌ನನ್ನು ಬಿಟ್ಟುಕೊಟ್ಟದ್ದಕ್ಕೆ, ತಂಡದ ಹಳೆಯ ತಾರೆ ಕ್ರಿಸ್ ಮುಲ್ಲಿನ್ ಸನ್ಮಾನದ ರಾತ್ರಿ ಅಂಗಳದ ನಡುವೆ ಮೈಕ್ ಹಿಡಿದು ನಿಂತ ಲೇಕಬ್‌ರನ್ನು ಜನ ಮಾತಾಡಲೂ ಬಿಡದೆ ಕೂಗಿ ಹಾಕಿದ್ದರು. ಅಂಥವರೆದುರು ಅನುಭವವಿಲ್ಲದ ಹೊಸಬ ಬಂದು ಆಟವನ್ನೇ ಬದಲಿಸುತ್ತೇನೆಂದರೆ, ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನದೆ ಇನ್ನೇನು ಅಂದಾರು?

ಆದರೆ ಬದಲಿಸಬೇಕಾದ್ದು ನಿಜಕ್ಕೂ ಇತ್ತು. ಮಾರ್ಕ್ ಜಾಕ್ಸನ್ ತಂಡದ ಡಿಫೆನ್ಸ್ ಲೀಗಿನ ಮೊದಲ ಐದರೊಳಗಿತ್ತು, ಆಫೆನ್ಸ್ ಮಾತ್ರ ಹನ್ನೆರಡನೇ ಸ್ಥಾನದಲ್ಲಿ. ಕರಿ ಮತ್ತು ಕ್ಲೇ ಥಾಂಪ್ಸನ್‌ನಂಥ ಇಬ್ಬರು ಶೂಟರ್‌ಗಳನ್ನು ಇಟ್ಟುಕೊಂಡು ಹನ್ನೆರಡನೇ ಸ್ಥಾನ! ಕಾರಣ ಅಂಕಿಅಂಶದಲ್ಲೇ ಇತ್ತು. ಪಂದ್ಯಕ್ಕೆ ಎಷ್ಟು ಪಾಸ್ ಎಂದು ಎಣಿಸಿದರೆ ವಾರಿಯರ್ಸ್ ಮೂವತ್ತು ತಂಡಗಳಲ್ಲಿ ಕಟ್ಟಕಡೆಯದು, 250ನ್ನೂ ಮುಟ್ಟುತ್ತಿರಲಿಲ್ಲ. ಎದುರಾಳಿಯಲ್ಲಿ ಕುಳ್ಳನನ್ನೋ ನಿಧಾನಿಯನ್ನೋ ಹುಡುಕಿ, ಅವನ ಮೇಲೆ ಒಬ್ಬನನ್ನು ಛೂ ಬಿಟ್ಟು, ಉಳಿದ ನಾಲ್ವರು ನಿಂತು ನೋಡುವುದು ಅಲ್ಲಿನ ಪದ್ಧತಿ. 24 ಸೆಕೆಂಡಿನ ಗಡಿಯಾರದಲ್ಲಿ ಹದಿನೈದು ಸೆಕೆಂಡು ಒಬ್ಬನ ಕೈಯಲ್ಲೇ ಚೆಂಡು ತಟತಟ.

ಕೆರ್ ಗುರಿ ಪಂದ್ಯಕ್ಕೆ ಮುನ್ನೂರು ಪಾಸ್. ಷಿಕಾಗೊ ಬುಲ್ಸ್‌ನಲ್ಲಿ ತಾವೇ ಆಡಿದ್ದ, ಫಿಲ್ ಜಾಕ್ಸನ್‌ರ ನೆಚ್ಚಿನ ಆಫೆನ್ಸ್ ಪದ್ಧತಿಯಾದ ಟ್ರಯಾಂಗಲ್‌ನಿಂದ ಒಂದಿಷ್ಟು, ಸ್ಯಾನ್ ಆಂಟೋನಿಯೊದಲ್ಲಿ ಗ್ರೆಗ್ ಪೊಪೊವಿಚ್ ಕೈಕೆಳಗೆ ಕಲಿತ ಚೆಂಡಿನ ಓಡಾಟ ಒಂದಿಷ್ಟು, ಸಹಾಯಕ ಕೋಚ್ ಆಲ್ವಿನ್ ಜೆಂಟ್ರಿ ಫೀನಿಕ್ಸ್‌ನಿಂದ ತಂದ ವೇಗ ಒಂದಿಷ್ಟು ಸೇರಿಸಿದರು. ಇದರಲ್ಲಿ ನನಗೆ ಅತಿ ಇಷ್ಟವಾದದ್ದು ಅಲ್ಲಿಯವರು ‘ಸ್ಪ್ಲಿಟ್’ ಎನ್ನುವ ಚಲನೆ. ಚೆಂಡನ್ನು ಒಳಗೆ ನಿಂತ ಎತ್ತರದ ಆಂಡ್ರ್ಯೂ ಬೋಗಟ್‌ಗೆ ಕೊಟ್ಟು ಕರಿ ಕೈ ಖಾಲಿ ಮಾಡಿಕೊಳ್ಳುತ್ತಾನೆ. ಹಳೆಯ ಪದ್ಧತಿಯಲ್ಲಾದರೆ ಅಲ್ಲಿಗೆ ಅವನ ಪಾತ್ರ ಮುಗಿಯಿತು. ಇಲ್ಲಿ ಆಗಲೇ ಶುರು. ಕರಿ ಓಡಿ ಥಾಂಪ್ಸನ್‌ನನ್ನು ಕಾಯುತ್ತಿರುವವನಿಗೆ ಅಡ್ಡ ನಿಲ್ಲುತ್ತಾನೆ, ಅಂದರೆ ಸ್ಕ್ರೀನ್ ಹಾಕುತ್ತಾನೆ. ಕಾವಲುಗಾರರಿಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಳ್ಳುತ್ತಾರೆ: ಯಾರು ಯಾರ ಹಿಂದೆ ಹೋಗಬೇಕು? ಜಗತ್ತಿನ ಅತ್ಯುತ್ತಮ ಶೂಟರ್ ಚೆಂಡಿಲ್ಲದೆ ಅಡ್ಡ ಬಂದಾಗ ಅವನನ್ನು ಬಿಡುವ ಧೈರ್ಯ ಯಾರಿಗೂ ಇಲ್ಲ. ಆ ಅರೆಕ್ಷಣದ ಗೊಂದಲದಲ್ಲಿ ಒಬ್ಬ ಬುಟ್ಟಿಯತ್ತ ನುಗ್ಗಿರುತ್ತಾನೆ, ಇಲ್ಲವೇ ಇನ್ನೊಬ್ಬ ಮೂರು ಪಾಯಿಂಟ್ ಗೆರೆಯಾಚೆ ಒಂಟಿಯಾಗಿ ನಿಂತಿರುತ್ತಾನೆ. ಬೋಗಟ್‌ನ ಕೆಲಸ ನೋಡಿ ಕೊಡುವುದಷ್ಟೇ.

ಇದು ನಡೆದರೆ ಸೊಗಸು. ನಡೆಯದಿದ್ದರೆ ಚೆಂಡು ಪ್ರೇಕ್ಷಕರ ತೊಡೆಯ ಮೇಲೆ. ಸೀಸನ್‌ನ ಮೊದಲ ಐದು ಪಂದ್ಯ ಗೆದ್ದ ವಾರಿಯರ್ಸ್ ಮುಂದಿನೆರಡನ್ನು ಫೀನಿಕ್ಸ್‌ಗೆ, ಸ್ಯಾನ್ ಆಂಟೋನಿಯೊಗೆ ಸೋತಿತು. ಗೆದ್ದ ಪಂದ್ಯಗಳಲ್ಲೂ ಟರ್ನೋವರ್‌ಗಳ ಸುರಿಮಳೆ. ಇಷ್ಟು ಚೆಂಡು ಕಳೆದುಕೊಂಡು ಯಾರಾದರೂ ದೊಡ್ಡದನ್ನು ಗೆಲ್ಲುತ್ತಾರೆಯೇ ಎಂಬ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆಂಡ್ರೆ ಇಗುಡಾಲನ ವಿಷಯವೂ ಜೊತೆಗಿತ್ತು. ಅಲ್ಲಿಯವರೆಗೆ ಆಡಿದ 758 ಪಂದ್ಯಗಳಲ್ಲೂ ಮೊದಲ ಐವರಲ್ಲಿದ್ದವನನ್ನು ಕೆರ್ ಬೆಂಚಿಗೆ ಕಳಿಸಿದ್ದರು.

ಆಗ ನೋಡಬೇಕಾಗಿದ್ದದ್ದು ತಪ್ಪುಗಳ ಸಂಖ್ಯೆಗಿಂತ ಅವುಗಳ ಜಾತಿ ಎಂದು ನನ್ನ ಎಣಿಕೆ. ವಾರಿಯರ್ಸ್ ಕಳೆದುಕೊಳ್ಳುತ್ತಿದ್ದ ಚೆಂಡುಗಳಲ್ಲಿ ಹೆಚ್ಚಿನವು ಅತಿಯಾಸೆಯವು: ಗೆಳೆಯ ಅಲ್ಲಿಗೆ ಓಡಿ ಬರುತ್ತಾನೆಂದು ನಂಬಿ ಎಸೆದದ್ದು, ಅವನು ಅರ್ಧ ಹೆಜ್ಜೆ ತಡವಾದದ್ದು. ಇಂಥ ತಪ್ಪನ್ನು ಅಭ್ಯಾಸ ತಿದ್ದುತ್ತದೆ. ತಿದ್ದಿತು ಕೂಡ. ಆ ಎರಡು ಸೋಲಿನ ಬೆನ್ನಿಗೆ ಸತತ ಹದಿನಾರು ಗೆಲುವು. ವರ್ಷದ ಕೊನೆಗೆ ಪಾಸ್‌ಗಳು ಮುನ್ನೂರು ದಾಟಿದ್ದವು, ಆಫೆನ್ಸ್ ಎರಡನೇ ಸ್ಥಾನಕ್ಕೆ ಏರಿತ್ತು, ಡಿಫೆನ್ಸ್ ಮೊದಲನೆಯದಾಗಿತ್ತು. ಡಿಫೆನ್ಸ್‌ಗೆ ಬುನಾದಿ ಹಾಕಿದವರು ಮಾರ್ಕ್ ಜಾಕ್ಸನ್ ಎಂದು ಹಳೆಯ ಅಭಿಮಾನಿಗಳು ಈಗಲೂ ನೆನಪಿಸುತ್ತಾರೆ. ನ್ಯಾಯವಾದ ಮಾತೇ. ಅದೃಷ್ಟವೂ ಇತ್ತು. ಮೊದಲ ಐವರಲ್ಲಿದ್ದ ಡೇವಿಡ್ ಲೀ ಗಾಯಗೊಳ್ಳದಿದ್ದರೆ ಡ್ರೇಮಂಡ್ ಗ್ರೀನ್‌ಗೆ ಆ ಜಾಗ ಅಷ್ಟು ಬೇಗ ಸಿಗುತ್ತಿತ್ತೇ ಎಂಬುದು ಅನುಮಾನ.

ನ್ಯೂಯಾರ್ಕ್ ಕಥೆ ಚಿಕ್ಕದು. ಅಲ್ಲಿನ ಅಭಿಮಾನಿಗಳು ಬದಲಾವಣೆಗೆ ಬಾಯಿ ಬಿಟ್ಟು ಕಾದಿದ್ದರು. 1973ರಿಂದ ಎನ್‌ಬಿಎ ಚಾಂಪಿಯನ್‌ಷಿಪ್ ಕಾಣದಿದ್ದ ಊರು, ಕೋಚ್ ಆಗಿ ಹನ್ನೊಂದು ಗೆದ್ದ ಫಿಲ್ ಜಾಕ್ಸನ್ ಆಗ ತಂಡದ ಅಧ್ಯಕ್ಷ. ಸೀಸನ್‌ನ ಎರಡನೇ ಪಂದ್ಯದಲ್ಲೇ ನಿಕ್ಸ್ ಕ್ಲೀವ್‌ಲೆಂಡ್‌ಗೆ ಹೋಗಿ, ತವರಿಗೆ ಮರಳಿದ ಲೆಬ್ರಾನ್ ಜೇಮ್ಸ್‌ನ ಮೊದಲ ಮನೆಯಂಗಳದ ಪಂದ್ಯವನ್ನೇ ಗೆದ್ದುಬಂತು. ಟ್ರಯಾಂಗಲ್ ಕೆಲಸ ಮಾಡುತ್ತಿದೆ ಎಂದು ಆ ರಾತ್ರಿ ನಂಬಿದವರನ್ನು ನಾನು ಆಡಿಕೊಳ್ಳಲಾರೆ. ಆದರೆ ಅಂಗಳದಲ್ಲಿ ಆಟಗಾರರು ಓಡುವ ಮೊದಲು ಯೋಚಿಸುತ್ತಿದ್ದರು. ಪಾಸ್ ಕೊಟ್ಟವನು ಮುಂದೆ ಯಾವ ಮೂಲೆಗೆ ಹೋಗಬೇಕೆಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಡಿಫೆನ್ಸ್ ಬಂದು ನಿಂತಿರುತ್ತಿತ್ತು. ಕೊನೆಗೆ ಚೆಂಡು ತಂಡದ ತಾರೆ ಕಾರ್ಮೆಲೊ ಆಂಥನಿಗೆ, ಅವನಿಂದ ದೂರದ ಎರಡು ಪಾಯಿಂಟಿನ ಶಾಟ್. ಅಲ್ಲಿದ್ದದ್ದು ಹಿಂಜರಿಕೆಯ ತಪ್ಪು. ಕೆರ್ ಟ್ರಯಾಂಗಲ್‌ನ ತುಂಡುಗಳನ್ನು ಕರಿಯ ಅಳತೆಗೆ ಕತ್ತರಿಸಿ ಹೊಲಿದಿದ್ದರು. ನಿಕ್ಸ್ ಆಟಗಾರರನ್ನೇ ಟ್ರಯಾಂಗಲ್ ಅಳತೆಗೆ ಬಗ್ಗಿಸಲು ಹೋಯಿತು. ಜನವರಿಗೆ ತಂಡವನ್ನು ಬಿಡಿಸಿ ಹಂಚುವ ಕೆಲಸ ಶುರುವಾಯಿತು, ಫೆಬ್ರುವರಿಯಲ್ಲಿ ಆಂಥನಿ ಮಂಡಿ ಶಸ್ತ್ರಚಿಕಿತ್ಸೆಗೆ ಹೋದ. ಮರುವರ್ಷ ಫಿಷರ್ ಕೆಲಸವೂ ಹೋಯಿತು.

ಇತ್ತ 2015ರ ಜೂನ್‌ನಲ್ಲಿ ಕ್ಲೀವ್‌ಲೆಂಡ್ ವಿರುದ್ಧದ ಫೈನಲ್ಸ್‌ನಲ್ಲಿ ವಾರಿಯರ್ಸ್ 1–2 ಹಿಂದಿತ್ತು. ವಿಡಿಯೊ ನೋಡಿ ಟಿಪ್ಪಣಿ ಮಾಡುವ ಸಹಾಯಕ ನಿಕ್ ಯುರೆನ್ ಒಂದು ಸಲಹೆ ಕೊಟ್ಟ: ಬೋಗಟ್‌ನನ್ನು ಕೂರಿಸಿ ಇಗುಡಾಲನಿಂದ ಶುರು ಮಾಡೋಣ. ಕೆರ್ ಒಪ್ಪಿದರು. ಮುಂದಿನ ಮೂರೂ ಪಂದ್ಯ ಗೆದ್ದು ನಲವತ್ತು ವರ್ಷಗಳ ನಂತರ ಚಾಂಪಿಯನ್‌ಷಿಪ್ ಬಂತು. ವರ್ಷವಿಡೀ ಬೆಂಚಿನಿಂದ ಎದ್ದು ಬರುತ್ತಿದ್ದ ಇಗುಡಾಲ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದ.

ಹಾಗೆಂದು ತಕರಾರು ನಿಂತಿತೇ? 2016ರ ಫೈನಲ್ಸ್‌ನ ಏಳನೇ ಪಂದ್ಯ, ಕೊನೆಯ ಕ್ವಾರ್ಟರ್. ಕರಿ ಬೆನ್ನ ಹಿಂದಿನಿಂದ ಥಾಂಪ್ಸನ್‌ಗೆಂದು ಎಸೆದ ಚೆಂಡು ಗೆರೆ ದಾಟಿ ಹೊರಗೆ ಹೋಯಿತು. 73 ಪಂದ್ಯ ಗೆದ್ದ ತಂಡ ಕೊನೆಯದನ್ನು ಸೋತಿತು. 2014ರ ನವೆಂಬರ್‌ನಲ್ಲಿ ಟರ್ನೋವರ್ ಎಂದು ತಲೆ ಚಚ್ಚಿಕೊಂಡಿದ್ದವರಿಗೆ ಅಂದು ಉತ್ತರ ಹೇಳುವುದು ಕಷ್ಟವಿತ್ತು. ಅದಾದ ಮೇಲೆ 2017, 2018, 2022ರಲ್ಲಿ ಮತ್ತೆ ಚಾಂಪಿಯನ್‌ಷಿಪ್‌ಗಳು ಬಂದವು, ತಂಡ ಓಕ್‌ಲೆಂಡ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು. ಆದರೂ ವಾರಿಯರ್ಸ್ ಒಂದು ಪಂದ್ಯ ಸೋತರೆ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಯಾವ ಮನೆಯಲ್ಲೇ ಆಗಲಿ, ಫ್ರೀಮಾಂಟ್‌ನ ಕನ್ನಡಿಗರ ಮನೆಯಾದರೂ ಸರಿ, ಏಳುವ ಪ್ರಶ್ನೆ ಒಂದೇ. ಈ ಕೆರ್ ಇಷ್ಟೊಂದು ಸುತ್ತಾಟ ಬಿಟ್ಟು, ಒಂದು ಸ್ಕ್ರೀನ್ ಹಾಕಿಸಿ ಚೆಂಡನ್ನು ಕರಿ ಕೈಗೇ ಯಾಕೆ ಕೊಡುವುದಿಲ್ಲ?