ನಮ್ಮ ಸೀಮೆಯ ಹಿತ್ತಲ ಗಿಡಗಳೂ ಸಸಿಮಡಿಯ ಕಾಲಕ್ರಮವೂ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಬಂಡೆ, ಬಿಸಿಲು ಮತ್ತು ಜೋಳದ ಹೊಲ. ಗಂಗಾವತಿಯ ಭತ್ತದ ಗದ್ದೆಗಳನ್ನು ಕಂಡವರು ಮಾತ್ರ ಹೀಗೆನ್ನುವ ಮೊದಲು ತುಸು ತಡೆದಾರು. ಹೂವಿನ ಸೀಮೆಯೆಂದು ಈ ನಾಲ್ಕು ಊರುಗಳನ್ನು ಯಾರೂ ಕರೆದುದಿಲ್ಲ. ಆದರೂ ಇಲ್ಲಿಯ ಹಳೆಯ ಮನೆಗಳ ಹಿತ್ತಲನ್ನು ಹೊಕ್ಕು ನೋಡಿರಿ: ಬಚ್ಚಲ ನೀರು ಹರಿಯುವ ಕಡೆಗೆ ಒಂದು ದುಂಡುಮಲ್ಲಿಗೆ, ಅದರ ಪಕ್ಕಕ್ಕೆ ದಾಸವಾಳ, ಕರಿಬೇವು, ಗೋಡೆಗೆ ಒರಗಿದಂತೆ ನುಗ್ಗೆ, ಮುಂದಣ ಅಂಗಳದಲ್ಲಿ ತುಳಸಿಯೋ ಪತ್ರಿಯೋ ಇದ್ದೇ ಇರುತ್ತದೆ. ಹೂವಿನ ಹಂಬಲ ಈ ನೆಲಕ್ಕೆ ಹೊಸತಲ್ಲ. ಆನೆಗೊಂದಿಯ ಎದುರು ದಡದ ವಿಜಯನಗರಕ್ಕೆ 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಅಲ್ಲಿಯ ಜನರಿಗೆ ಗುಲಾಬಿಯು ಊಟದಷ್ಟೇ ಅಗತ್ಯವಾಗಿತ್ತೆಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದಾನೆ.

ನಾವು ತಲೆತಲಾಂತರದ್ದೆಂದು ಎಣಿಸುವ ಗಿಡಗಳೆಲ್ಲ ಈ ನೆಲದವೇ ಆಗಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ದುಂಡುಮಲ್ಲಿಗೆ, ಅಬ್ಬಲಿಗೆ, ತುಳಸಿ, ಕರಿಬೇವು ನಮ್ಮವು. ಚೆಂಡುಹೂವು ಮತ್ತು ಸುಗಂಧರಾಜಗಳು ಮೆಕ್ಸಿಕೋ ದೇಶದಿಂದ, ನಿತ್ಯಪುಷ್ಪವು ಮಡಗಾಸ್ಕರ್ ದ್ವೀಪದಿಂದ ಬಂದವು. ಚೆಂಡುಹೂವಿಲ್ಲದೆ ನಮ್ಮಲ್ಲಿ ದೀಪಾವಳಿಯೇ ನಡೆಯದು! ಬಂದ ಗಿಡ ನಮ್ಮದಾಗುವುದು ಈ ಬಿಸಿಲಿಗೆ ಹೊಂದಿಕೊಂಡ ಮೇಲೆ. ಈ ಹೊಂದಿಕೆಯೇ ಪ್ರಸ್ತುತ ಲೇಖನದ ವಿಷಯ.

ಇತ್ತೀಚಿನ ವರ್ಷಗಳಲ್ಲಿ ಗಿಡಗಳು ಲಾರಿಗಳಲ್ಲಿ ಬರುತ್ತಿವೆ. ಆಂಧ್ರದಲ್ಲಿ ಗೋದಾವರಿಯ ದಡಕ್ಕೆ ಕಡಿಯಂ ಎಂಬ ಊರಿದೆ. ಅದು ಸಸ್ಯೋದ್ಯಮಕ್ಕೆ ದೇಶದಲ್ಲೆಲ್ಲ ಹೆಸರಾದದ್ದು. ಅಲ್ಲಿಯ ತೇವದ ಗಾಳಿಯಲ್ಲಿ ಬೆಳೆದ ಗಿಡ ಹಸುರಾಗಿ, ಮೊಗ್ಗು ತುಂಬಿ, ನೋಡಲು ಬಲು ಸೊಗಸು. ಅದನ್ನು ಕೊಂಡು ತಂದು ಮಾಘದಲ್ಲಿ ನೆಟ್ಟವರು ವೈಶಾಖದಲ್ಲಿ ಒಣಕಡ್ಡಿಯನ್ನು ಕಿತ್ತೆಸೆದು, "ನಮ್ಮ ಮಣ್ಣಿಗೆ ಹೂವು ಒಗ್ಗುವುದಿಲ್ಲ" ಎಂದುಬಿಡುತ್ತಾರೆ. ಹೀಗೆ ಎರಡು ಸಲವಾದರೆ ಹಿತ್ತಲು ಬಯಲಾಗಿ, ಅದರ ಮೇಲೆ ಸಿಮೆಂಟು ಬೀಳುತ್ತದೆ. ಮಣ್ಣಿನ ಮೇಲಿನ ಈ ಅಪವಾದ ನ್ಯಾಯವಾದುದಲ್ಲ. ತೇವದಲ್ಲಿ, ನೆರಳಲ್ಲಿ ಬೆಳೆದ ಎಲೆಯ ಹೊರಪೊರೆ ತೆಳುವಾಗಿರುತ್ತದೆ. ಒಣಗಾಳಿ ತಾಕಿದೊಡನೆ ಅದು ನೀರನ್ನು ಬಿಟ್ಟುಕೊಡುತ್ತದೆ. ಅಲ್ಲದೆ ಅಂಥ ಗಿಡಗಳ ಬೇರು ಬಹುಶಃ ಜೇಡಿಮಣ್ಣಿನ ಉಂಡೆಯಲ್ಲಿ ಸಿಕ್ಕಿರುತ್ತದೆ. ಆ ಉಂಡೆಯನ್ನು ನಮ್ಮ ಮಸಾರಿ ನೆಲದಲ್ಲಿ ಹಾಗೆಯೇ ಹೂತರೆ, ಸುತ್ತಲಿನ ಮಣ್ಣು ನೆನೆದರೂ ಒಣಗಿ ಕಲ್ಲಾದ ಉಂಡೆಯೊಳಗೆ ನೀರು ಇಳಿಯದು. ಗಿಡ ನೀರಿನ ನಡುವೆಯೇ ಬಾಯಾರಿ ಸಾಯುತ್ತದೆ.

ಊರೊಳಗಿನ ಸಣ್ಣ ಸಸಿಮಡಿಯವನು ಬೆಲೆಯಲ್ಲಾಗಲಿ ಅಂದದಲ್ಲಾಗಲಿ ಈ ಲಾರಿಗಳೊಡನೆ ಸೆಣಸಲಾರ. ಅವನ ಕೈಯಲ್ಲಿರುವುದು ಒಂದೇ ವಿದ್ಯೆ, ಅದೆಂದರೆ ಇಲ್ಲಿಯ ಮಳೆಯ ಲೆಕ್ಕ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಾತ್ರ ಮಳೆ ಬೀಳುವ ಈ ಪ್ರದೇಶದಲ್ಲಿ ಯಾವ ಕೆಲಸವನ್ನು ಯಾವ ಮಳೆಗೆ ಮಾಡಬೇಕೆಂಬುದೇ ಸಕಲ ಶಾಸ್ತ್ರ.

ಅವನ ವರ್ಷಾರಂಭ ಯುಗಾದಿಗಲ್ಲ, ಜೂನ್ ಮೊದಲ ವಾರದಲ್ಲಿ ಹೂಡುವ ಮೃಗಶಿರಾ ಮಳೆಗೆ. ನಮ್ಮ ಜನ ಇದನ್ನು 'ಮಿರಗ' ಎನ್ನುತ್ತಾರೆ. ಮಲ್ಲಿಗೆ, ದಾಸವಾಳ, ನಂದಿಬಟ್ಟಲು, ಕಣಗಿಲೆಗಳ ಕಡ್ಡಿ ಊರುವ ಕಾಲವಿದು. ಕಡ್ಡಿಗೆ ಬೇರಿಲ್ಲ, ಆದರೆ ಎಲೆಯಿಂದ ನೀರು ಹೋಗುವುದು ನಿಲ್ಲುವುದಿಲ್ಲ. ಗಾಳಿಯಲ್ಲಿ ತೇವವಿದ್ದರೆ ಆ ವೆಚ್ಚ ಕಡಿಮೆಯಾಗಿ, ಬೇರೊಡೆಯುವವರೆಗೆ ಕಡ್ಡಿ ಜೀವ ಹಿಡಿದಿರುತ್ತದೆ. ಬಲಿತ ಕಟ್ಟಿಗೆಯೂ ಅಲ್ಲದ, ಎಳೆಯ ಚಿಗುರೂ ಅಲ್ಲದ, ಪೆನ್ಸಿಲಿನ ದಪ್ಪದ ಟೊಂಗೆಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಎರಡು ಗಿಣ್ಣು ಮಣ್ಣಿನೊಳಗಿರುವಂತೆ ಊರುತ್ತಾರೆ. ಟೊಂಗೆಯ ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಬೆಳವಣಿಗೆಯ ರಸ ಕತ್ತರಿಸಿದ ಬಾಯಿಯ ಬಳಿ ಸೇರಿ ಬೇರನ್ನು ಹುಟ್ಟಿಸುತ್ತದೆ. ಆದುದರಿಂದಲೇ ಕಡ್ಡಿಯನ್ನು ತಲೆಕೆಳಗಾಗಿ ಊರಿದರೆ ಕೆಲಸ ಕೆಡುತ್ತದೆ.

ಚೀಲ ತುಂಬುವ ಮಣ್ಣಿನ ವಿಚಾರದಲ್ಲಿ ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಒಂದು ತೊಡಕಿದೆ. ಎರೆಮಣ್ಣು ಹೊಲದಲ್ಲಿ ಬಂಗಾರ. ಚೀಲದಲ್ಲಿ ಮಾತ್ರ ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು ಎಳೆಬೇರನ್ನು ಹರಿಯುತ್ತದೆ. ಮಸಾರಿ ಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಇವುಗಳನ್ನು ಬೆರೆಸಿ, ಗೆದ್ದಲಿಗೆಂದು ಒಂದು ಹಿಡಿ ಬೇವಿನ ಹಿಂಡಿ ಹಾಕುವುದು ಕ್ರಮ.

ಆಷಾಢದಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಯಲಬುರ್ಗಾದ ಕಡೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ತಿರುಗಿಸುವ ಆ ಪಡುವಣ ಗಾಳಿಯೇ ಸಸಿಯ ತೇವವನ್ನೂ ಹೀರುವುದು. ಪಡುವಲಿಗೆ ತೊಗರಿಕಟ್ಟಿಗೆಯ ತಟ್ಟಿಯನ್ನೋ ಹಳೆಯ ಸೀರೆಯನ್ನೋ ಕಟ್ಟದಿದ್ದರೆ ಮಿರಗದ ದುಡಿಮೆಯೆಲ್ಲ ವ್ಯರ್ಥ. ಬೀಜದ ಕೆಲಸವೂ ಈಗಲೇ. ಚೆಂಡುಹೂವು ನಾಟಿಯಾದ ಸುಮಾರು ಎರಡು ತಿಂಗಳಿಗೆ ಹೂವಿಗೆ ಬರುತ್ತದೆ, ಅದಕ್ಕೆ ಮೊದಲು ಮೂರು ನಾಲ್ಕು ವಾರ ಮಡಿಯಲ್ಲಿರಬೇಕು. ಆದ್ದರಿಂದ ಮಹಾನವಮಿಯ ಹೂವಿಗೆ ಪುಷ್ಯ ಮಳೆಯಲ್ಲಿಯೂ ದೀಪಾವಳಿಯ ಹೂವಿಗೆ ಆಶ್ಲೇಷಾ ಮಳೆಯಲ್ಲಿಯೂ ಬೀಜ ಹಾಕುತ್ತಾರೆ. ಕರಿಬೇವಿನ ಬೀಜವನ್ನು ಇಟ್ಟುಕೊಳ್ಳುವಂತಿಲ್ಲ. ಹಣ್ಣಿನ ತಿರುಳನ್ನು ತೊಳೆದು ಕೂಡಲೇ ಬಿತ್ತದಿದ್ದರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ.

ಅಬ್ಬಲಿಗೆಯ ಸ್ವಭಾವ ವಿನೋದದ್ದು. ಒಣಗಿದ ಕಾಯಿಗೆ ನೀರು ತಾಕಿದೊಡನೆ ಅದು ಚಟ್ಟನೆ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಅದಕ್ಕೇ ಮಳೆ ಬರುವ ಮೊದಲೇ ತೆನೆಗಳನ್ನು ಕೊಯ್ದು ಇಡಬೇಕು. ದೆಹಲಿ ಕನಕಾಂಬರವೆಂಬ ಜಾತಿಗಾದರೋ ವರ್ಣತಂತುಗಳ ಮೂರು ಕಟ್ಟುಗಳಿರುವುದರಿಂದ ಬೀಜವೇ ಕಟ್ಟುವುದಿಲ್ಲ, ಕಡ್ಡಿಯೇ ಗತಿ. ಅದರ ಬೀಜವೆಂದು ಯಾರಾದರೂ ಮಾರಿದರೆ ಕೊಳ್ಳಬಾರದು.

ಸೇವಂತಿಗೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದು ಇರುಳನ್ನು ಅಳೆಯುವ ಗಿಡ. ರಾತ್ರಿ ಉದ್ದವಾಗುತ್ತ ಬಂದಾಗಲೇ ಅದಕ್ಕೆ ಮೊಗ್ಗು. ಹೂವು ಮುಗಿದ ಮೇಲೆ ಬುಡದಲ್ಲೇಳುವ ಕಂದುಗಳನ್ನು ಬಿಡಿಸಿ ಬೇಸಿಗೆಯಿಡೀ ನೆರಳಲ್ಲಿ ಕಾದಿಟ್ಟು, ಮುಂಗಾರಿಗೆ ನೆಟ್ಟರೆ ಹಗಲು ಉದ್ದವಿರುವಾಗ ಗಿಡ ಮೈದುಂಬಿ, ಕಾರ್ತಿಕದ ಸುಮಾರಿಗೆ ಹೂವು ಹೊರುತ್ತದೆ. ತಡಮಾಡಿ ಸೆಪ್ಟೆಂಬರಿನಲ್ಲಿ ನೆಟ್ಟರೆ ಗೇಣುದ್ದದ ಗಿಡವೇ ನಾಲ್ಕು ಹೂ ಬಿಟ್ಟು ಸುಮ್ಮನಾಗುತ್ತದೆ. ಬೀದಿದೀಪದ ಕೆಳಗಿನ ಸೇವಂತಿಗೆಗೆ ರಾತ್ರಿಯೆಂಬುದೇ ತಿಳಿಯದೆ ಹೂವು ಹಿಂದೆ ಬೀಳುವುದುಂಟು.

ಇಲ್ಲಿ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಗಿಡವನ್ನು ಮನೆಗೆ ಒಯ್ದು ನೆಡಲು ಉತ್ತರಾ, ಹಸ್ತಾ ಮಳೆಗಳಂಥ ಕಾಲ ಬೇರೊಂದಿಲ್ಲ. ಬೇಸಿಗೆಗೆ ಮುನ್ನ ಬೇರು ಇಳಿಯಲು ನಾಲ್ಕೈದು ತಿಂಗಳು ಸಿಗುತ್ತದೆ. ಕೊಳ್ಳುವವರು ಬರುವುದು ಮಾತ್ರ ಮಿರಗದ ಮೊದಲ ಹನಿಗೆ! ಚಳಿಗಾಲದಲ್ಲಿ ಮಲ್ಲಿಗೆಗೆ ನೀರು ಕಡಿಮೆ ಮಾಡಿ, ಸಂಕ್ರಾಂತಿಗೆ ಮುಂಚೆ ಮೊಳಕಾಲೆತ್ತರಕ್ಕೆ ಸವರಿ, ಎಲೆ ಉದುರಿದ ಮೇಲೆ ಗೊಬ್ಬರ ಹಾಕಿ ನೀರು ಕೊಟ್ಟರೆ ಹೊಸ ಚಿಗುರಿನಲ್ಲಿ ಯುಗಾದಿಯ ವೇಳೆಗೆ ಮೊಗ್ಗು.

ಬೇಸಿಗೆಯೇ ನಿಜವಾದ ಪರೀಕ್ಷೆ. ತುಂಗಭದ್ರಾ ಜಲಾಶಯದಿಂದ 1953ರಲ್ಲಿ ನೀರು ಹರಿದಂದಿನಿಂದ ಗಂಗಾವತಿಯ ಕಡೆ ಎಡದಂಡೆ ಕಾಲುವೆಯ ಆಸರೆಯಿದೆ, ಆದರೆ ಅತಿ ನೀರಿನಿಂದ ಎಷ್ಟೋ ನೆಲ ಸವಳಾಗಿದೆ. ಉಳಿದ ಕಡೆ ಕೊಳವೆಬಾವಿಯೇ ಗತಿ. ಅನೇಕ ಬಾವಿಗಳಲ್ಲಿ ಗಡಸು ನೀರು. ದಿನಕ್ಕೆ ಎರಡು ಸಲ ಚಿಮುಕಿಸಿದರೆ ನೀರು ಆವಿಯಾಗಿ ಉಪ್ಪು ಮೇಲುಳಿದು, ಮಣ್ಣಿನ ಮೇಲೆ ಬಿಳಿಯ ಪದರು ಕಟ್ಟಿ, ಎಲೆಯಂಚು ಸುಟ್ಟಂತಾಗುತ್ತದೆ. ಆಗ ನೀರನ್ನು ಪದೇಪದೇ ಚಿಮುಕಿಸದೆ, ಬಿಟ್ಟು ಬಿಟ್ಟು, ಚೀಲದ ತಳದಿಂದ ಹೊರಬರುವಷ್ಟು ಕೊಡಬೇಕು. ಉಪ್ಪು ತೊಳೆದು ಹೋಗುತ್ತದೆ.

ಪಳಗಿಸುವ ಕೆಲಸವೂ ಆಗಲೇ ನಡೆಯುವುದು. ಚಪ್ಪರದ ಬೇವಿನ ಸೊಪ್ಪನ್ನೋ ಈಗಿನ ಹಸುರು ಬಲೆಯನ್ನೋ ಮೊದಲು ಬೆಳಗಿನ ಎರಡು ಗಂಟೆ ಸರಿಸಿ, ವಾರಕ್ಕೊಮ್ಮೆ ಆ ಹೊತ್ತನ್ನು ಹೆಚ್ಚಿಸುತ್ತ, ಎರಡು ನೀರಿನ ನಡುವಣ ಅಂತರವನ್ನೂ ಒಂದೊಂದು ದಿನ ಬೆಳೆಸುತ್ತ ಹೋಗುತ್ತಾರೆ. ಎಲೆ ಚಿಕ್ಕದಾಗಿ ದಪ್ಪವಾಗುತ್ತದೆ, ಬಣ್ಣ ಮಾಸುತ್ತದೆ, ಗಿಡ ಮೊದಲಿನಷ್ಟು ಚೆಂದ ಕಾಣುವುದಿಲ್ಲ. ಕೊಳ್ಳಲು ಬಂದವರು ಅದನ್ನು ಬಿಟ್ಟು ಹಸುರಾದುದನ್ನೇ ಆರಿಸುತ್ತಾರೆ. ಬಲ್ಲ ಮಾಲಿಯು ಅಂಥವರನ್ನು ಕರೆದು, ಮಾಸಿದ ಗಿಡದ ಚೀಲವನ್ನು ಓರೆಮಾಡಿ, ತಳದ ತೂತಿನಲ್ಲಿ ಇಣುಕುವ ಬಿಳಿಯ ಬೇರನ್ನು ತೋರಿಸುತ್ತಾನೆ.