ವಾಟ್‌ಗಳ ಅಬ್ಬರದಲ್ಲಿ ರಾಕ್ ಸಂಗೀತ

ಬೆಂಗಳೂರಿಗೆ ರಾಕ್ ಸಂಗೀತ ಹೊಸತಲ್ಲ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳ ಕಛೇರಿಗೆ ಮುಗಿಬಿದ್ದ ಹುಡುಗರು ಈಗ ಸಂಸಾರಸ್ಥರು. ಸಾಲದ ಕಂತಿನಲ್ಲೊಂದು ಫ್ಲ್ಯಾಟು, ಅದರ ಹಜಾರಕ್ಕೊಂದು ಜೊತೆ ಒಳ್ಳೆಯ ಸ್ಪೀಕರ್ ಎಂಬುದು ಅವರಲ್ಲಿ ಹಲವರ ಆಸೆ. ಆಸೆಯೇನೋ ನ್ಯಾಯವಾದದ್ದೇ. ಆದರೆ ಅಂಗಡಿಗೆ ಕಾಲಿಟ್ಟೊಡನೆ ಅವರಿಗೆ ಎದುರಾಗುವುದು ಸಂಗೀತವಲ್ಲ, ಸಂಖ್ಯೆ. ಇಷ್ಟು ಸಾವಿರ ವಾಟ್, ಇಷ್ಟು ಇಂಚಿನ ವೂಫರ್, ಜೊತೆಗೆ ‘ಇದು ರಾಕ್‌ಗೆಂದೇ ಮಾಡಿದ್ದು ಸಾರ್’ ಎಂಬ ಭರವಸೆ.

ಈ ಸಾವಿರಗಳ ಮರ್ಮವನ್ನು ಮೊದಲು ನೋಡೋಣ. ಪೆಟ್ಟಿಗೆಗಳ ಮೇಲೆ ಮೆರೆದ ‘ಪಿಎಂಪಿಒ’ ಎಂಬ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಯ ವಿಧಾನವೇ ಇಲ್ಲ. ಕ್ಷಣದ ಒಂದಂಶ ಮಾತ್ರ ಹೊಮ್ಮಬಹುದಾದ ಶಕ್ತಿಯನ್ನು ತಯಾರಕರು ತಮಗೆ ತೋಚಿದಂತೆ ಹಿಗ್ಗಿಸಿ ಅಚ್ಚು ಹಾಕಿದ್ದು ಅದು. ನಿರಂತರವಾಗಿ ಕೊಡಬಲ್ಲ ಶಕ್ತಿ, ಅಂದರೆ ಆರ್‌ಎಂಎಸ್ ಅಂಕಿ, ಅದರ ಸಣ್ಣದೊಂದು ಪಾಲಷ್ಟೇ. ಅರ್ಥಶಾಸ್ತ್ರ ಓದಿದವರಿಗೆ ಇಲ್ಲಿ ಜಾರ್ಜ್ ಅಕರ್‌ಲಾಫ್ ನೆನಪಾಗದೆ ಇರಲಾರರು. ಹಳೆಯ ಕಾರುಗಳ ಪೇಟೆಯನ್ನು ಮುಂದಿಟ್ಟುಕೊಂಡು ಅವರು 1970ರಲ್ಲಿ ಬರೆದ ಪ್ರಬಂಧದ ತಿರುಳು ಇಷ್ಟೆ: ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಕಳಪೆ ಸರಕು ಒಳ್ಳೆಯದನ್ನು ಪೇಟೆಯಿಂದ ಹೊರಗಟ್ಟುತ್ತದೆ. ಪ್ರಾಮಾಣಿಕವಾಗಿ 40 ವಾಟ್ ಎಂದು ಬರೆದವನ ಪಕ್ಕದಲ್ಲಿ 4,000 ಎಂದು ಬರೆದವನು ಕುಳಿತರೆ ವ್ಯಾಪಾರ ಯಾರದಾದೀತು?

ಹಾಗೆ ನೋಡಿದರೆ, ನಿಜವಾದ ವಾಟ್ ಕೂಡ ನಾವು ಭಾವಿಸಿದಷ್ಟು ಮುಖ್ಯವಲ್ಲ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಕೇಳಬೇಕಾದ ಅಂಕಿ ಬೇರೊಂದಿದೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಹೊಮ್ಮುತ್ತದೆ ಎಂಬ ಸಂವೇದನೆಯ ಅಂಕಿ ಅದು. 92 ಡೆಸಿಬೆಲ್ಲಿನ ಸ್ಪೀಕರ್ ಮಾಡುವ ಸದ್ದನ್ನೇ 86ರದ್ದು ಮಾಡಬೇಕಾದರೆ ನಾಲ್ಕು ಪಟ್ಟು ಶಕ್ತಿ ಬೇಡುತ್ತದೆ. ರಾಕ್‌ನಲ್ಲಿ ಇದು ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಡ್ರಮ್ಮಿನ ಒಂದು ಏಟು ಹಾಡಿನ ಸರಾಸರಿಗಿಂತ 15 ಡೆಸಿಬೆಲ್ ಮೇಲಕ್ಕೆ ನೆಗೆದರೆ ಆ ಕ್ಷಣಕ್ಕೆ ಮೂವತ್ತು ಪಟ್ಟು ಶಕ್ತಿ ಬೇಕು. ಆಂಪ್ಲಿಫೈಯರ್ ಅಲ್ಲಿ ಸೋತರೆ ಏಟು ಚಪ್ಪಟೆಯಾಗಿ ಬರೀ ಕರ್ಕಶ ಉಳಿಯುತ್ತದೆ.

ಇನ್ನು ‘ರಾಕ್‌ಗೆಂದೇ’ ಎಂಬ ಮಾತು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಅಮೆರಿಕದ ಹರ್ಮನ್ ಕಂಪೆನಿಯಲ್ಲಿ ದುಡಿದ ಫ್ಲಾಯ್ಡ್ ಟೂಲ್, ಸ್ಪೀಕರ್‌ಗಳನ್ನು ಪರದೆಯ ಹಿಂದಿಟ್ಟು ಕೇಳಿಸುವ ಪರೀಕ್ಷೆಗಳನ್ನು ವರ್ಷಗಟ್ಟಲೆ ನಡೆಸಿದವರು. ಹೆಸರು, ಗಾತ್ರ, ಬೆಲೆ ಕಾಣದಿದ್ದಾಗ ಬಹುಪಾಲು ಕೇಳುಗರು ಮೆಚ್ಚಿದ್ದು ಯಾವ ಸ್ವರವನ್ನೂ ಉಬ್ಬಿಸದ, ಯಾವುದನ್ನೂ ನುಂಗದ ಸ್ಪೀಕರನ್ನು. ಕಣ್ಣಿಗೆ ಕಂಡಾಗ ತೀರ್ಪು ಬದಲಾಯಿತು! ರಾಕ್‌ಗೊಂದು, ಶಾಸ್ತ್ರೀಯಕ್ಕೊಂದು ಎಂಬ ಜಾತಿಭೇದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ರಾಕ್ ಹೆಚ್ಚಾಗಿ ಕೇಳುವುದು ಎರಡನ್ನೇ: ಜೋರಾದರೂ ಒಡೆಯದ ದನಿ ಮತ್ತು ಕೆಳಗಿನ ಸ್ವರಗಳ ಹಿಡಿತ.

ಆ ಕೆಳಗಿನ ಸ್ವರಗಳ ವಿಷಯದಲ್ಲಿ ಸ್ಪೀಕರಿಗಿಂತ ಕೋಣೆಯ ಮಾತೇ ಹೆಚ್ಚು ನಡೆಯುತ್ತದೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಮಿಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ. 12 ಅಡಿಯ ಕೋಣೆಯ ಎದುರುಬದುರು ಗೋಡೆಗಳ ನಡುವೆ ತಾನೇ ತಾನಾಗಿ ನಿಲ್ಲುವ ಅಲೆ ಸುಮಾರು 47 ಹರ್ಟ್ಸ್‌ನದು. ಆ ಸ್ವರ ಬಂದಾಗ ಗೋಡೆಗೆ ಒರಗಿ ಕುಳಿತವನಿಗೆ ಎದೆ ಗುದ್ದಿದಂತೆ, ಕೋಣೆಯ ನಟ್ಟನಡುವೆ ಕುಳಿತವನಿಗೆ ಸ್ವರವೇ ಮಾಯ. ಕೋಣೆ ಚಚ್ಚೌಕವಾಗಿದ್ದರಂತೂ ಎರಡು ದಿಕ್ಕಿನ ಅಲೆಗಳೂ ಒಂದೇ ಕಡೆ ಸೇರಿ ಗೋಳು ಇಮ್ಮಡಿಯಾಗುತ್ತದೆ. ಅಮೆರಿಕದ ಮರದ ಚೌಕಟ್ಟಿನ ತೆಳು ಗೋಡೆಗಳು ಈ ಅಲೆಯನ್ನು ಒಂದಿಷ್ಟು ಹೀರುತ್ತವೆ, ಹೊರಕ್ಕೂ ಬಿಡುತ್ತವೆ. ನಮ್ಮ ಇಟ್ಟಿಗೆ, ಕಾಂಕ್ರೀಟು ಅಷ್ಟು ಉದಾರಿಗಳಲ್ಲ. ಅಲ್ಲಿನ ವಿಮರ್ಶೆ ಓದಿ ದೊಡ್ಡ ಸ್ಪೀಕರ್ ತಂದವರ ಮನೆಯಲ್ಲಿ ಬಾಸ್ ಗುಂಯ್‌ಗುಡುವುದು ಇದೇ ಕಾರಣಕ್ಕೆ. ಜಮಖಾನ, ಪರದೆಗಳು ಟೈಲ್ಸ್ ನೆಲದ ಕಿರಿಕಿರಿಯನ್ನು ತಗ್ಗಿಸುತ್ತವೆ, ನಿಜ. ಬಾಸ್ ಮಾತ್ರ ಅವಕ್ಕೆ ಜಗ್ಗುವುದಿಲ್ಲ. ಸ್ಪೀಕರನ್ನು ಮೂಲೆಯಿಂದ ಎರಡು ಅಡಿ ಈಚೆಗೆ ತಂದು, ಕುರ್ಚಿಯನ್ನು ಗೋಡೆಯಿಂದ ಸರಿಸಿದರೆ ಬಿಡಿಗಾಸಿಲ್ಲದೆ ಸಿಗುವ ಸುಧಾರಣೆ ಹತ್ತಿಪ್ಪತ್ತು ಸಾವಿರ ಹೆಚ್ಚು ತೆತ್ತರೂ ಸಿಗದಿರಬಹುದು. ಸಣ್ಣ ಹಜಾರಕ್ಕೆ ಆರು ಇಂಚಿನ ವೂಫರಿನ ಜೋಡಿ ಸಾಕೆಂಬುದು ನನ್ನ ಅಭಿಪ್ರಾಯ. ಸಬ್‌ವೂಫರ್ ಬೇಕೇ ಎಂಬುದನ್ನು ಆರು ತಿಂಗಳ ಮೇಲೆ ಯೋಚಿಸಬಹುದು.

ಅಂಗಡಿಯಲ್ಲಿ ಎರಡು ಜೋಡಿಗಳನ್ನು ಹೋಲಿಸುವಾಗ ಒಂದು ಎಚ್ಚರ ಅಗತ್ಯ. ತುಸು ಜೋರಾಗಿರುವುದೇ ಕಿವಿಗೆ ‘ಚೆನ್ನಾಗಿದೆ’ ಎನಿಸುತ್ತದೆ, ಆದ್ದರಿಂದ ಎರಡರ ಸದ್ದನ್ನೂ ಸಮ ಮಾಡಿಸಬೇಕು. ಹಾಡು ನಮ್ಮದೇ ಆಗಿರಬೇಕು. ಲೆಡ್ ಜೆಪ್ಲಿನ್ ತಂಡದ 1971ರ ‘ವೆನ್ ದ ಲೆವಿ ಬ್ರೇಕ್ಸ್’ ಒಳ್ಳೆಯ ಒರೆಗಲ್ಲು. ಅದರ ಡ್ರಮ್ಮನ್ನು ಇಂಗ್ಲೆಂಡಿನ ಹಳೆಯ ಮನೆಯೊಂದರ ಮೆಟ್ಟಿಲ ಹಜಾರದಲ್ಲಿಟ್ಟು, ಮೈಕುಗಳನ್ನು ಮೇಲಿನಿಂದ ತೂಗುಬಿಟ್ಟು ಧ್ವನಿಮುದ್ರಿಸಿದ್ದರು. ಒಳ್ಳೆಯ ಸ್ಪೀಕರಿನಲ್ಲಿ ಏಟಿನ ಬೆನ್ನಿಗೇ ಆ ಹಜಾರದ ಎತ್ತರವೂ ಕೇಳುತ್ತದೆ. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಇದಕ್ಕೆ ತಕ್ಕುದಲ್ಲ. ಮುದ್ರಣದಲ್ಲೇ ಅದುಮಿ ಜೋರು ಮಾಡಿದ್ದನ್ನು ಯಾವ ಬೆಲೆಯ ಸ್ಪೀಕರೂ ಬಿಡಿಸಲಾರದು.

ಇಷ್ಟನ್ನೆಲ್ಲ ತಿಳಿದು ಕೊಳ್ಳುವ ಹೊಣೆ ಗ್ರಾಹಕನೊಬ್ಬನದೇ ಆಗಬೇಕೆ? ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ ಆಂಪ್ಲಿಫೈಯರ್ ಶಕ್ತಿಯನ್ನು ಜಾಹೀರಾತಿನಲ್ಲಿ ಹೇಗೆ ಹೇಳಬೇಕೆಂಬ ನಿಯಮವನ್ನು 1974ರಲ್ಲೇ ತಂದಿತು. 2024ರಲ್ಲಿ ಅದನ್ನು ಪರಿಷ್ಕರಿಸಿ ಪರೀಕ್ಷೆಯ ಷರತ್ತುಗಳನ್ನು ಏಕರೂಪಗೊಳಿಸಿತು. ಫ್ರಿಜ್ಜಿನ ವಿದ್ಯುತ್ ಹಸಿವನ್ನು ನಕ್ಷತ್ರಗಳಲ್ಲಿ ತೋರಿಸುವ ವ್ಯವಸ್ಥೆಯನ್ನು ನಾವು 2006ರಲ್ಲಿ ಆರಂಭಿಸಿದೆವು. ಸ್ಪೀಕರ್ ಪೆಟ್ಟಿಗೆಗೂ ಒಂದು ಚೀಟಿ ಅಂಟಿಸುವುದು ಕಷ್ಟದ ಕೆಲಸವಲ್ಲ: ನಿರಂತರ ಶಕ್ತಿ, ಸಂವೇದನೆ, ಎಷ್ಟು ಹರ್ಟ್ಸ್‌ವರೆಗೆ ಕೆಳಗಿಳಿಯಬಲ್ಲದು ಎಂಬ ಮೂರು ಅಂಕಿ, ಒಂದೇ ವಿಧಾನದಲ್ಲಿ ಅಳೆದದ್ದು. ಪಿಎಂಪಿಒದಂಥ ಅಂಕಿಯನ್ನು ಮುದ್ರಿಸಲೇಬಾರದು ಎಂಬ ಒಂದು ಸಾಲನ್ನೂ ಆ ನಿಯಮಕ್ಕೆ ಸೇರಿಸಬಹುದು.