ನಾಯಿಯ ಲಿವರ್ ಕೆಟ್ಟಿದೆಯೆ? ಟಾನಿಕ್ಕಿಗೆ ಮೊದಲು ಪರೀಕ್ಷೆ

‘ಡಾಕ್ಟ್ರೇ, ನಮ್ಮ ನಾಯಿ ಎರಡು ದಿನದಿಂದ ಊಟ ಬಿಟ್ಟಿದೆ, ಕಣ್ಣು ಹಳದಿಯಾಗಿದೆ. ಮನೆಯಲ್ಲಿರುವ ಲಿವರ್ ಟಾನಿಕ್ ಕುಡಿಸಬಹುದೆ?’ ನಾಯಿ ಸಾಕಿದವರು ಮನುಷ್ಯರ ವೈದ್ಯರನ್ನೂ ಹೀಗೆ ಕೇಳುವುದುಂಟು. ಪಶುವೈದ್ಯರಿಗೆ ತೋರಿಸುವ ಮೊದಲು ಬೇಡ ಎಂಬುದೇ ಇದಕ್ಕೆ ಉತ್ತರ. ಕಾರಣವನ್ನು ತಿಳಿಯೋಣ.

ಲಕ್ಷಣಗಳು

ಯಕೃತ್ತು, ಅಂದರೆ ಲಿವರ್, ತನ್ನ ದೊಡ್ಡ ಪಾಲು ಹಾಳಾಗುವವರೆಗೂ ಹೇಗೋ ಕೆಲಸ ನಡೆಸುತ್ತದೆ. ಆದ್ದರಿಂದ ಮೊದಲಿಗೆ ಕಾಣುವುದು ಊಟ ಸೇರದಿರುವುದು, ವಾಂತಿ, ಮಂಕುತನ, ತೂಕ ಇಳಿಯುವುದು ಇಷ್ಟೇ. ಕಣ್ಣು ಮತ್ತು ವಸಡು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಗೋಡೆಗೆ ತಲೆಯೊತ್ತಿ ನಿಲ್ಲುವುದು ಇವೆಲ್ಲ ರೋಗ ಮುಂದುವರಿದಿರುವ ಸೂಚನೆಗಳು.

ಹಳದಿಗೆ ಕಾರಣ ಹಲವು

ಉಣ್ಣೆಯಿಂದ ಹರಡುವ ಬಬೇಸಿಯ ಜ್ವರದಲ್ಲಿ ಕೆಂಪು ರಕ್ತಕಣಗಳು ಒಡೆದು ನಾಯಿ ಹಳದಿಯಾಗಬಹುದು. ಪಿತ್ತನಾಳ ಕಟ್ಟಿಕೊಂಡರೂ ಹಾಗೆಯೇ. ಇನ್ನು ಸ್ಟಿರಾಯ್ಡ್ ಅಥವಾ ಫಿಟ್ಸಿನ ಮಾತ್ರೆಯಾದ ಫಿನೋಬಾರ್ಬಿಟೋನ್ ತೆಗೆದುಕೊಳ್ಳುವ ನಾಯಿಯಲ್ಲಿ ‘ಆಲ್ಕಲೈನ್ ಫಾಸ್ಫಟೇಸ್’ ಎಂಬ ಕಿಣ್ವ ಔಷಧಿಯಿಂದಲೇ ಏರಿರಬಹುದು. ಹೀಗಾಗಿ ಒಂದು ರಕ್ತಪರೀಕ್ಷೆ ನೋಡಿ ತೀರ್ಮಾನಿಸಲಾಗದು. ಸ್ಕ್ಯಾನಿಂಗ್, ಕೆಲವೊಮ್ಮೆ ಲಿವರಿನ ಚೂರು ತೆಗೆದು ಮಾಡುವ ಬಯಾಪ್ಸಿ ಕೂಡ ಬೇಕಾಗುತ್ತದೆ.

ಆಸರೆಯ ಔಷಧಿಗಳು

ಲಿವರಿಗೆ ಮತ್ತೆ ಬೆಳೆಯುವ ಶಕ್ತಿಯಿದೆ. ಅದು ಚೇತರಿಸಿಕೊಳ್ಳುವವರೆಗೆ ಆಸರೆ ಕೊಡುವುದೇ ಈ ಔಷಧಿಗಳ ಕೆಲಸ. ಅರ್ಸೊಡಿಆಕ್ಸಿಕೋಲಿಕ್ ಆಮ್ಲ ಪಿತ್ತರಸ ಸರಾಗವಾಗಿ ಹರಿಯಲು ನೆರವಾಗುತ್ತದೆ. ಆದರೆ ಪಿತ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಇದನ್ನು ಕೊಡಬಾರದು. ಎಸ್-ಅಡಿನೋಸಿಲ್ ಮಿಥಿಯೋನಿನ್, ಸಿಲಿಮರಿನ್, ವಿಟಮಿನ್ ‘ಇ’ ಇವು ಜೀವಕೋಶಗಳನ್ನು ರಕ್ಷಿಸಲೆಂದು ಕೊಡುವಂಥವು. ಇವು ಸಾಮಾನ್ಯವಾಗಿ ಅಪಾಯಕಾರಿಯಲ್ಲ, ಆದರೆ ಇವುಗಳಿಂದಲೇ ರೋಗ ವಾಸಿಯಾಗುತ್ತದೆ ಎನ್ನಲು ಬಲವಾದ ಆಧಾರವಿಲ್ಲ. ಅಮೋನಿಯ ಮಿದುಳಿಗೇರಿ ನಾಯಿ ಮಂಕಾಗಿದ್ದರೆ ಲ್ಯಾಕ್ಟುಲೋಸ್ ಕೊಡುತ್ತಾರೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಂತೆ ಪ್ರಮಾಣವನ್ನು ಹೊಂದಿಸುತ್ತಾರೆ.

ಮೂಲಕಾರಣಕ್ಕೆ ಬೇರೆಯೇ ಮದ್ದು. ಲ್ಯಾಬ್ರಡಾರ್, ಡಾಬರ್‌ಮನ್ ಮುಂತಾದ ತಳಿಗಳಲ್ಲಿ ಲಿವರಿನಲ್ಲಿ ತಾಮ್ರ ಶೇಖರವಾಗುವ ರೋಗವುಂಟು. ಅದನ್ನು ಹೊರಹಾಕಲು ಪೆನಿಸಿಲಮಿನ್ ಬೇಕು, ಟಾನಿಕ್ಕಿನಿಂದ ಆಗದು.

ಮನೆಮಂದಿಗೂ ಅಪಾಯ

ಎಲ್ಲಕ್ಕಿಂತ ಮುಖ್ಯವಾದ ಮಾತು ಇಲಿ ಜ್ವರದ್ದು, ಅಂದರೆ ಲೆಪ್ಟೊಸ್ಪೈರೋಸಿಸ್. ಮಳೆಗಾಲದಲ್ಲಿ ಇದು ಹೆಚ್ಚು. ಇದು ನಾಯಿಯ ಲಿವರ್ ಮತ್ತು ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ರೋಗಾಣು ನಾಯಿಯ ಮೂತ್ರದಲ್ಲಿ ಹೊರಬಂದು ನಮ್ಮ ಚರ್ಮದ ಗಾಯದ ಮೂಲಕ, ಕಣ್ಣು ಬಾಯಿಗಳ ಮೂಲಕ ಒಳಸೇರಬಲ್ಲದು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ. ಟಾನಿಕ್ ಕುಡಿಸುತ್ತ ಕಾದರೆ ನಾಯಿಯೂ ಹೋದೀತು, ಮನೆಯವರಿಗೂ ರೋಗ ತಗಲೀತು. ಹಳದಿಯಾದ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ. ಮನೆಯಲ್ಲಿ ಯಾರಿಗಾದರೂ ಜ್ವರ, ಮೈಕೈ ನೋವು ಬಂದರೆ ನಾಯಿಯ ಕಾಯಿಲೆಯ ವಿಷಯವನ್ನು ನಿಮ್ಮ ವೈದ್ಯರಿಗೆ ತಪ್ಪದೆ ತಿಳಿಸಿ.

ಇವನ್ನು ನೆನಪಿಡಿ

* ನಾಯಿಗೆ ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಅದು ಲಿವರಿಗೆ ವಿಷವಾಗಬಲ್ಲದು.
* ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್, ತೋಟದ ಸೈಕಾಸ್ ಗಿಡದ ಬೀಜ, ಬೂಷ್ಟು ಹಿಡಿದ ಜೋಳ ಇವೂ ಅಪಾಯಕಾರಿ.
* ನೀವಾಗಿಯೇ ಮೊಟ್ಟೆ, ಮಾಂಸ ನಿಲ್ಲಿಸಬೇಡಿ. ಮಿದುಳಿಗೆ ತೊಂದರೆಯಾಗದಿದ್ದರೆ ಚೇತರಿಕೆಗೆ ಪ್ರೋಟೀನ್ ಬೇಕು.
* ಇಲಿ ಜ್ವರದ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿ.
* ನಾಯಿಗೆ ಕೊಡುತ್ತಿರುವ ಎಲ್ಲ ಔಷಧಿಗಳ ಚೀಟಿಯನ್ನೂ ಪಶುವೈದ್ಯರ ಬಳಿಗೆ ಒಯ್ಯಿರಿ.